ತುಂಬಾ ಬೇಡ, ಸ್ವಲ್ಪ ಸಾಕು

ಲೆಟ್ಟಿ ಕೋವಾರ್‌ಗೆ ಹೆಸರು ಬರೆಯುವ ಕೆಲಸ. ನೆಬ್ರಾಸ್ಕಾದ ಆ ಪುಟ್ಟ ಊರಿನಲ್ಲಿ, ಜೋಳದ ಕಣಜಗಳ ಸಾಲು ಮುಗಿಯುವ ಕಡೆ ಒಂದು ವೃದ್ಧಾಶ್ರಮವಿದೆ. ಅಲ್ಲಿಗೆ ಯಾವ ಮುದುಕ ಮುದುಕಿ ಹೊಸದಾಗಿ ಬಂದು ಸೇರಿದರೂ ಅವರ ಬಟ್ಟೆಯ ಪೆಟ್ಟಿಗೆ ಮೊದಲು ಇಳಿಯುವುದು ನೆಲಮಾಳಿಗೆಗೆ, ಒಗೆಯುವ ಕೋಣೆಯಲ್ಲಿರುವ ಲೆಟ್ಟಿಯ ಮೇಜಿಗೆ. ಅವಳು ಒಂದೊಂದನ್ನೇ ತೆಗೆದು ಅಂಗಿಯ ಕೊರಳಪಟ್ಟಿಗೆ, ಕಾಲುಚೀಲದ ಬಾಯಿಗೆ, ಒಳಉಡುಪಿನ ಸೊಂಟಕ್ಕೆ ಕಪ್ಪು ಮಾರ್ಕರಿನಲ್ಲಿ ಹೆಸರು ಬರೆಯುತ್ತಾಳೆ. ಹೆಸರು ಬರೆದದ್ದು ಎಷ್ಟು ಸಲ ಯಂತ್ರಕ್ಕೆ ಬಿದ್ದರೂ ತನ್ನ ಮೈಯನ್ನು ಹುಡುಕಿಕೊಂಡು ವಾಪಸ್ಸು ಹೋಗುತ್ತದೆ. ಬರೆಯದೆ ಬಿಟ್ಟದ್ದು ನಾಲ್ಕೇ ದಿನದಲ್ಲಿ ಇನ್ನೊಬ್ಬರ ಮೈಮೇಲಿರುತ್ತದೆ, ಅವರೋ ಅದು ತಮ್ಮದೇ ಎಂದು ಜಗಳಕ್ಕೆ ನಿಲ್ಲುತ್ತಾರೆ.

ಆ ಕೋಣೆಯ ಗೋಡೆಯಲ್ಲಿ ಒಂದು ಕ್ಯಾಲೆಂಡರ್ ಇತ್ತು. ಅದರಲ್ಲಿ ವರ್ಷಕ್ಕೆ ಎರಡೇ ಎರಡು ದಿನಕ್ಕೆ ನೀಲಿ ಸುತ್ತು. ಮಾರ್ಚಿಯ ಎರಡನೆಯ ಶನಿವಾರ, ಅಕ್ಟೋಬರಿನ ಎರಡನೆಯ ಶನಿವಾರ. ಆ ಎರಡು ದಿನ ಲೆಟ್ಟಿ ತನ್ನ ಮಗಳನ್ನು ನೋಡುತ್ತಿದ್ದಳು. ಮಿಕ್ಕ ದಿನಗಳಲ್ಲಿ ಆ ಮಗಳು ಎರಡು ಗಂಟೆ ದಾರಿಯಾಚೆಯ ಪಟ್ಟಣದಲ್ಲಿ ಮೆರಿಡಿತ್ ಮತ್ತು ನೀಲ್ ಹಾಲ್ವರ್ಸನ್ ದಂಪತಿಗಳ ಮಗಳು. ಹೆಸರು ಜೂನಿಪರ್ ವೆರಾ. ಕರೆಯುವುದು ಜೂನಿ. ವೆರಾ ಅನ್ನುವುದು ಲೆಟ್ಟಿಯ ಅಜ್ಜಿಯ ಹೆಸರು. ಲೆಟ್ಟಿ ಕೊಟ್ಟದ್ದರಲ್ಲಿ ಅವರು ಉಳಿಸಿಕೊಂಡದ್ದು ಅದೊಂದು.

ಮಗುವನ್ನು ಕೊಟ್ಟರೂ ಬಾಗಿಲು ಮುಚ್ಚಬೇಕಿಲ್ಲ, ಹೆತ್ತವಳು ಬಂದು ಹೋಗಿ ಇರಬಹುದು ಎಂಬ ಥರದ ದತ್ತು ಅದು. ಕಾಗದದಲ್ಲಿ ಬರೆದದ್ದು ಹೀಗೆ: ಮಗುವಿಗೆ ಆರು ತುಂಬುವ ತನಕ ವರ್ಷಕ್ಕೆ ಎರಡು ಭೇಟಿ, ಹುಟ್ಟುಹಬ್ಬಕ್ಕೆ ಒಂದು ಪತ್ರ, ಜೊತೆಗೆ ಫೋಟೋ. ಆರರ ನಂತರ ಪತ್ರ, ಫೋಟೋ ಎಂದಿನಂತೆ. ಭೇಟಿ ಮಾತ್ರ 'ಮಗುವಿನ ಇಚ್ಛೆಯಂತೆ'. ಸಹಿ ಹಾಕುವಾಗ ಆರು ವರ್ಷ ಅನ್ನುವುದು ಹತ್ತೊಂಬತ್ತರ ಲೆಟ್ಟಿಗೆ ಒಂದು ಜನ್ಮದಷ್ಟು ದೂರ ಕಂಡಿತ್ತು. ಈಗ ಅವಳಿಗೆ ಇಪ್ಪತ್ತೈದು. ಬರುವ ಏಪ್ರಿಲ್‌ಗೆ ಜೂನಿಗೆ ಆರು.

ಜೂನಿಯ ತಂದೆ ಡ್ವೇನ್, ಗೋಧಿ ಕೊಯ್ಯುವ ಯಂತ್ರಗಳ ತಂಡದ ಜೊತೆ ತೆಂಕಣದಿಂದ ಬಂದವನು. ಜುಲೈನಲ್ಲಿ ಮೂರು ವಾರ ಊರಲ್ಲಿದ್ದ. ಗೋಧಿ ಬಡಗಣಕ್ಕೆ ಹಣ್ಣಾಗುತ್ತ ಹೋದ ಹಾಗೆ ಅವನೂ ಬಡಗಣಕ್ಕೆ ಹೋದ. ಡಕೋಟಾ ಸೇರಿದ ಮೇಲೆ ಫೋನೇ ಎತ್ತಲಿಲ್ಲ. ಅದೇ ವರ್ಷ ಎಲೆ ಉದುರುವ ಹೊತ್ತಿಗೆ ಲೆಟ್ಟಿಯನ್ನು ಸಾಕಿದ ಅಜ್ಜಿಗೆ ಲಕ್ವ ಹೊಡೆದು ಬಲಗಡೆ ಬಿದ್ದುಹೋಯಿತು. ಒಂದು ಕಡೆ ಹೊಟ್ಟೆ ಬೆಳೆಯುತ್ತಿದೆ, ಇನ್ನೊಂದು ಕಡೆ ಅಜ್ಜಿಯ ಬಟ್ಟೆ ಬದಲಿಸಬೇಕು. ಎರಡು ಮನೆ ಆಚೆ ಇದ್ದ ದೊಡ್ಡಮ್ಮ, ಅಜ್ಜಿಯ ಹಿರಿಮಗಳು ಅರ್ಲೀನ್, ಗಂಡ ಸತ್ತ ಮೇಲೆ ಸಿಗರೇಟು ಮತ್ತು ಒಂದು ಮುದಿ ನಾಯಿ ಬಿಟ್ಟರೆ ಬೇರೆ ಸಂಸಾರ ಇಲ್ಲದವಳು, ಒಂದು ದಿನ ಬಂದು ಅಡುಗೆಮನೆಯ ಕುರ್ಚಿ ಎಳೆದುಕೊಂಡಳು.

"ಹೆತ್ತು ನನ್ನ ತೊಡೆ ಮೇಲೆ ಹಾಕು. ಹಗಲು ನಾನು, ಸಂಜೆ ನೀನು. ಅಮ್ಮನ್ನ ಇಬ್ಬರೂ ಸೇರಿ ನೋಡ್ಕೊಳ್ಳೋಣ. ಏನ್ ಮಹಾ!"

"ಆಗಲ್ಲ ದೊಡ್ಡಮ್ಮ. ಅಜ್ಜಿನೇ ಒಂದು ಮಗು ಆಗಿದಾಳೆ."

"ಅದಕ್ಕೇ ಹೇಳ್ತಿರೋದು, ಒಂದಿದ್ದ ಕಡೆ ಎರಡು."

ಲೆಟ್ಟಿ ಒಪ್ಪಲಿಲ್ಲ. ಊರಿಗೆಲ್ಲ ಅಜ್ಜಿಯ ಕಾರಣ ಹೇಳಿದಳು, ಊರು ನಂಬಿತು. ಅವಳಿಗೆ ಮಾತ್ರ ಗೊತ್ತಿದ್ದದ್ದು ಬೇರೆ. ಏಳು ತಿಂಗಳಿದ್ದಾಗ ಒಂದು ದಿನ ಅಂಗಡಿಯಲ್ಲಿ ಕೂಸಿನ ಲಂಗೋಟಿಗಳನ್ನು ಪೇರಿಸಿಟ್ಟ ಸಾಲಿನ ನಡುವೆ ನಿಂತಿದ್ದಾಗ ಅವಳಿಗೆ ಉಸಿರು ಕಟ್ಟಿಬಂತು. ಕೈಯಲ್ಲಿದ್ದ ಬುಟ್ಟಿಯನ್ನು ಅಲ್ಲೇ ನೆಲಕ್ಕಿಟ್ಟು ಹೊರಗೆ ಬಂದು ಕಾರಿನಲ್ಲಿ ಒಂದು ಗಂಟೆ ಕೂತಳು. ತನ್ನನ್ನು ಯಾರೋ ಅಮ್ಮಾ ಎಂದು ಕರೆಯುತ್ತಾರೆ, ಬದುಕಿರುವ ತನಕ ಕರೆಯುತ್ತಲೇ ಇರುತ್ತಾರೆ ಎಂಬುದನ್ನು ನೆನೆದರೆ ಮೈ ತಣ್ಣಗಾಗುತ್ತಿತ್ತು. ಅಜ್ಜಿ ಗಟ್ಟಿಮುಟ್ಟಾಗಿದ್ದಿದ್ದರೂ ಅವಳು ಇದನ್ನೇ ಮಾಡುತ್ತಿದ್ದಳೇನೋ. ಇದನ್ನು ಅವಳು ಯಾರಿಗೂ ಹೇಳಲಿಲ್ಲ.

ದತ್ತು ಸಂಸ್ಥೆಯ ಶ್ರೀಮತಿ ಪ್ರೂಯಿಟ್ ಒಳ್ಳೆಯ ಹೆಂಗಸು. ಮಾತಿಗೆ ಮುಂಚೆ ಬಂಗಾರ, ಮಾತಾದ ಮೇಲೆ ಬಂಗಾರ. ಮೊದಲ ದಿನವೇ ಲೆಟ್ಟಿಯ ಮಾತು ತಿದ್ದಿದಳು.

"ಕೊಟ್ಟುಬಿಡ್ತೀನಿ ಅನ್ನಬಾರ್ದು ಬಂಗಾರ. ದತ್ತಿನ ಯೋಜನೆ ಮಾಡ್ತಿದೀನಿ ಅನ್ನು."

ಇದನ್ನು ಮನೆಗೆ ಬಂದು ಹೇಳಿದ್ದಕ್ಕೆ ಅರ್ಲೀನ್ ಮೂಗಿನಿಂದ ಹೊಗೆ ಬಿಟ್ಟಳು. "ಯೋಜನೆಯಂತೆ! ಏನು, ಪ್ಲಾಟ್ ನದಿಗೆ ಅಣೆಕಟ್ಟು ಕಟ್ತಿದೀಯಾ?"

ಮಕ್ಕಳಿಗಾಗಿ ಕಾದಿರುವ ದಂಪತಿಗಳು ತಮ್ಮ ತಮ್ಮ ಆಲ್ಬಮ್ ಮಾಡಿ ಸಂಸ್ಥೆಗೆ ಕೊಟ್ಟಿರುತ್ತಾರೆ. ಹೆರುವವಳು ಅವನ್ನು ನೋಡಿ ಆರಿಸಬೇಕು. ಶ್ರೀಮತಿ ಪ್ರೂಯಿಟ್ ಹನ್ನೊಂದು ಆಲ್ಬಮ್ ತಂದು ಮೇಜಿನ ಮೇಲಿಟ್ಟಳು. ಎಲ್ಲದರಲ್ಲೂ ಅದೇ ಹಲ್ಲು, ಅದೇ ನಾಯಿ, ಅದೇ ಕಡಲ ದಂಡೆ. ಹಾಲ್ವರ್ಸನ್ನರ ಆಲ್ಬಮ್ಮಿನ ಆರನೆಯ ಪುಟದಲ್ಲಿ ಮಾತ್ರ ಮುಖವಿಲ್ಲದ ಒಂದು ಫೋಟೋ ಇತ್ತು. ಹಿಟ್ಟು ನಾದುತ್ತಿರುವ ಎರಡು ಕೈ. ಗೆಣ್ಣಿನ ತನಕ ಹಿಟ್ಟು ಮೆತ್ತಿದೆ, ಬೆರಳು ಮಡಿಚಿ ಹಸ್ತದ ಬುಡದಿಂದ ಒತ್ತುತ್ತಿದ್ದಾರೆ. ಅಜ್ಜಿ ಲಕ್ವ ಹೊಡೆಯುವ ಮುಂಚೆ ಪ್ರತಿ ಶನಿವಾರ ಹಾಗೇ ನಾದುತ್ತಿದ್ದಳು. ಅಜ್ಜಿಯ ಹಿರಿಯರು ಚೆಕ್ ದೇಶದಿಂದ ಹೊತ್ತು ತಂದದ್ದರಲ್ಲಿ ಆ ಊರಿನಲ್ಲಿ ಇಂದಿಗೂ ಉಳಿದಿರುವುದು ಅಡ್ಡಹೆಸರುಗಳು ಮತ್ತು ಕೊಲಾಚಿ. ದುಂಡು ಬನ್ನಿನ ನಡುವೆ ಹೆಬ್ಬೆರಳಿಂದ ಗುಳಿ ಮಾಡಿ ಗಸಗಸೆಯದೋ ಹಣ್ಣಿನದೋ ಹೂರಣ ತುಂಬಿ ಬೇಯಿಸುವ ತಿಂಡಿ. ಲೆಟ್ಟಿ ಆ ಕೈಗಳ ಮೇಲೆ ಬೆರಳಿಟ್ಟು, "ಇವರು" ಎಂದಳು.

ಎರಡು ದಿನ ಆಸ್ಪತ್ರೆಯಲ್ಲಿ ಮಗು ಅವಳ ಪಕ್ಕ ಇತ್ತು. ಮೂರನೆಯ ದಿನ ಸಹಿಯ ಮುಂಚೆ ಶ್ರೀಮತಿ ಪ್ರೂಯಿಟ್ ಅವಳ ಕೈ ಹಿಡಿದುಕೊಂಡು ಒಂದು ಮಾತು ಹೇಳಿಕೊಟ್ಟಳು.

"ಮುಂದೆ ಒಂದಿನ ಮಗು ಕೇಳತ್ತೆ ಬಂಗಾರ, ನನ್ನ ಯಾಕೆ ಕೊಟ್ಟೆ ಅಂತ. ಆಗ ಬೇರೇನೂ ಹೇಳಬೇಡ. ನಿನ್ನ ಮೇಲೆ ತುಂಬಾ ತುಂಬಾ ಪ್ರೀತಿ ಇದ್ದಿದ್ದಕ್ಕೇ ಕೊಟ್ಟೆ, ಅನ್ನು. ಅಷ್ಟೇ ಸಾಕು."

ಅದೇ ಮಾತನ್ನು ಲೆಟ್ಟಿ ತನಗೆ ತಾನೇ ಎಷ್ಟು ಸಲ ಹೇಳಿಕೊಂಡಳೋ. ಹಾಲು ಕಟ್ಟಿ ಎದೆ ಕಲ್ಲಾಗಿದ್ದಾಗ, ಅಜ್ಜಿ ಎಡಗೈಯಿಂದ ಅವಳ ಬರಿಹೊಟ್ಟೆ ತಡವಿ "ಎಲ್ಲಿ?" ಎಂದು ತೊದಲಿದಾಗ, ಎರಡು ವರ್ಷಕ್ಕೆ ಆ ಅಜ್ಜಿಯೂ ಹೋಗಿ, ಕಾರಣ ಅಂತ ಹೇಳಿಕೊಂಡಿದ್ದದ್ದೇ ಮಣ್ಣು ಸೇರಿದಾಗ. ತುಂಬಾ ಪ್ರೀತಿ ಇದ್ದಿದ್ದಕ್ಕೇ ಕೊಟ್ಟೆ. ಮುರುಕು ಕುರ್ಚಿಯ ಕಾಲಿಗೆ ಕೊಟ್ಟ ಇಟ್ಟಿಗೆಯ ಹಾಗೆ ಆ ಮಾತು ಅವಳನ್ನು ನಿಲ್ಲಿಸಿತ್ತು.

ಭೇಟಿ ಯಾವಾಗಲೂ ಅರ್ಧ ದಾರಿಯಲ್ಲಿ, ಹೆದ್ದಾರಿ ಪಕ್ಕದ ಪ್ಯಾನ್‌ಕೇಕ್ ಹೋಟೆಲಿನಲ್ಲಿ, ಬೆಳಗ್ಗೆ ಹತ್ತಕ್ಕೆ, ಕಿಟಕಿಯ ಮೂಲೆಯಲ್ಲಿ. ಲೆಟ್ಟಿ ಹಿಂದಿನ ದಿನವೇ ಹಿಟ್ಟು ನಾದಿ ಡಬ್ಬಿ ತುಂಬ ಕೊಲಾಚಿ ಮಾಡಿಕೊಂಡು ಹೋಗುತ್ತಿದ್ದಳು. ಮೊದಲ ಭೇಟಿಯಲ್ಲಿ ಡಬ್ಬಿ ಮುಂದಿಟ್ಟು, "ನಿಮ್ಮಷ್ಟು ಚೆನ್ನಾಗಿ ಬರಲ್ಲ ನನಗೆ" ಎಂದಳು.

ಮೆರಿಡಿತ್‌ಗೆ ಅರ್ಥವಾಗಲಿಲ್ಲ. "ನನ್ನಷ್ಟಾ?"

"ಆಲ್ಬಮ್ಮಲ್ಲಿ ಇತ್ತಲ್ಲ. ಹಿಟ್ಟು ನಾದೋ ಕೈ."

"ಓ, ಅದಾ!" ಮೆರಿಡಿತ್ ಮನಸ್ಸು ಬಿಚ್ಚಿ ನಕ್ಕಳು. "ಅದು ನನ್ನ ನಾದಿನಿ ಕೈ ಕಣೇ. ಅಡುಗೆ ಫೋಟೋ ಒಂದಿರಲಿ, ಹೆತ್ತವರಿಗೆ ಹಿಡಿಸತ್ತೆ ಅಂತ ಸಂಸ್ಥೆಯವರು ಅಂದ್ರು. ನನಗೆ ಮೊಟ್ಟೆ ಬೇಯಿಸೋಕೂ ಬರಲ್ಲ. ನೀಲ್‌ನ ಕೇಳು ಬೇಕಾದ್ರೆ."

ಲೆಟ್ಟಿಯೂ ನಕ್ಕಳು. ನಗದೆ ಏನು ಮಾಡುವುದು? ಮಗು ಆ ಹೊತ್ತಿಗೆ ಮೆರಿಡಿತ್‌ಳ ತೊಡೆಯ ಮೇಲೆ ಬಾಯಿ ತೆರೆದು ನಿದ್ದೆಹೋಗಿತ್ತು.

ವರ್ಷಗಳು ಹೋದವು. ಮೆರಿಡಿತ್ ಒಂದು ಶನಿವಾರವನ್ನೂ ತಪ್ಪಿಸಲಿಲ್ಲ, ಅದನ್ನು ಹೇಳಲೇಬೇಕು. ಜ್ವರ ಇದ್ದಾಗ ಒಂದು ವಾರ ಮುಂದೆ ಹಾಕಿದಳೇ ಹೊರತು ಕೈಬಿಡಲಿಲ್ಲ. ಜೂನಿ ಕೂತಳು, ನಿಂತಳು, ಏಪ್ರಿಕಾಟ್ ಹಣ್ಣಿನ ಕೊಲಾಚಿಗಳನ್ನು ಮಾತ್ರ ಹೆಕ್ಕಿ ನಡುವಿನ ಹೂರಣ ನೆಕ್ಕಿ ಬನ್ನು ಬಿಡುವುದನ್ನು ಕಲಿತಳು. ಗಸಗಸೆಯದಕ್ಕೆ "ಇರುವೆ ಇದೆ" ಎಂದಳು. ಕರೆಯುತ್ತಿದ್ದುದು "ಲೆಟ್ಟಿ" ಎಂದು. ಲೆಟ್ಟಿಯ ಹಾಗೇ ಸಿಟ್ಟು ಬಂದರೆ ಕೆಳತುಟಿ ಒಳಗೆಳೆದುಕೊಳ್ಳುತ್ತಿದ್ದಳು. ಅದನ್ನು ನೋಡಿದಾಗ ಲೆಟ್ಟಿ ಮೆನು ಕಾರ್ಡು ಎತ್ತಿ ಮುಖಕ್ಕೆ ಅಡ್ಡ ಹಿಡಿಯುತ್ತಿದ್ದಳು.

ಹೋದ ಅಕ್ಟೋಬರಿನಲ್ಲಿ ಮೆರಿಡಿತ್ ಕೈ ತೊಳೆಯಲು ಹೋದಾಗ ಜೂನಿ ಪ್ಯಾನ್‌ಕೇಕಿನ ಪಾಕದಲ್ಲಿ ಫೋರ್ಕಿನಿಂದ ಗೆರೆ ಎಳೆಯುತ್ತ, ತಲೆ ಎತ್ತದೆ ಕೇಳಿದಳು.

"ನಾನು ನಿನ್ನ ಹೊಟ್ಟೇಲಿದ್ನಂತೆ."

"ಹೂಂ ಇದ್ದೆ."

"ಮತ್ತೆ ಯಾಕೆ ಕೊಟ್ಟೆ?"

ಐದೂವರೆ ವರ್ಷದಿಂದ ಕಾದಿದ್ದ ಪ್ರಶ್ನೆ. ಲೆಟ್ಟಿಯ ದನಿ ಒಂಚೂರೂ ನಡುಗಲಿಲ್ಲ. "ನಿನ್ನ ಮೇಲೆ ತುಂಬಾ ತುಂಬಾ ಪ್ರೀತಿ ಇದ್ದಿದ್ದಕ್ಕೇ ಕೊಟ್ಟೆ ಪುಟ್ಟಿ."

ಜೂನಿ ಫೋರ್ಕು ನಿಲ್ಲಿಸಿ ಅವಳನ್ನು ನೋಡಿದಳು. ಆಮೇಲೆ ಮೆರಿಡಿತ್ ಹೋದ ಬಾಗಿಲನ್ನು ನೋಡಿದಳು.

ಲೆಟ್ಟಿ ಪರೀಕ್ಷೆ ಪಾಸಾದವಳ ಹಾಗೆ ಮನೆಗೆ ಬಂದಳು. ಅರ್ಲೀನ್‌ಗೆ ಎಲ್ಲ ಹೇಳಿದಳು. ಅರ್ಲೀನ್ ಕಾಲ ಬುಡದಲ್ಲಿ ಬಿದ್ದಿದ್ದ ನಾಯಿಯ ಕಿವಿ ಕೆರೆಯುತ್ತ ಕೇಳಿಸಿಕೊಂಡಳು.

"ಈ ಮುದಿಮೂಳಿ ಮೇಲೂ ನನಗೆ ತುಂಬಾ ಪ್ರೀತಿ," ಎಂದಳು. "ಅದಕ್ಕೇ ಮನೇಲಿಟ್ಕೊಂಡಿದೀನಿ."

"ಏನ್ ಹಾಗಂದ್ರೆ?"

"ಏನಿಲ್ಲ. ನಾಯಿ ವಿಷಯ ಹೇಳ್ದೆ."

"ನಿನಗೆ ನನ್ನ ನೋವು ತಮಾಷೆ ದೊಡ್ಡಮ್ಮ."

"ತಮಾಷೆ ಅಲ್ವೇ. ಐದು ವರ್ಷದ ಮಗು ಕಿವೀಲಿ ಕೂತು ಕೇಳಿ ನೋಡು ಆ ಮಾತನ್ನ, ಅಷ್ಟೇ ಹೇಳಿದ್ದು."

ಲೆಟ್ಟಿ ಬಾಗಿಲು ಬಡಿದುಕೊಂಡು ಹೋದಳು. ಎರಡು ವಾರ ಅವಳು ದೊಡ್ಡಮ್ಮನ ಮನೆಯ ಹೊಸ್ತಿಲು ತುಳಿಯಲಿಲ್ಲ.

ಫೆಬ್ರವರಿಯ ಒಂದು ಮಧ್ಯಾಹ್ನ, ಊಟದ ಬಿಡುವಿನಲ್ಲಿ, ಒಣಗಿಸುವ ಯಂತ್ರದ ಬಿಸಿಗೆ ಬೆನ್ನು ಕೊಟ್ಟು ಲೆಟ್ಟಿ ರೊಟ್ಟಿ ತಿನ್ನುತ್ತಿದ್ದಾಗ ಫೋನು ಬಂತು. ಮೆರಿಡಿತ್ ಯಾವತ್ತೂ ಫೋನು ಮಾಡಿದವಳಲ್ಲ, ಬರೆದು ಕಳಿಸುವವಳು.

"ಲೆಟ್ಟಿ, ಕೂತಿದೀಯಾ? ಜೂನಿಗೆ ಏನೂ ಆಗಿಲ್ಲ, ಹೆದರಬೇಡ. ಆದ್ರೆ ಮಾರ್ಚಿ ಭೇಟಿ ಬೇಡ ಅಂತಿದೀವಿ."

"ಯಾಕೆ?"

"ನೀನು ಅವಳಿಗೆ ಏನೋ ಹೇಳಿದೀಯಂತೆ. ತುಂಬಾ ಪ್ರೀತಿ ಇದ್ದಿದ್ದಕ್ಕೇ ಕೊಟ್ಟೆ ಅಂತ."

"ಹೇಳಿದೆ. ಸಂಸ್ಥೆಯವರೇ..."

"ಗೊತ್ತು. ನಮಗೂ ಅದನ್ನೇ ಹೇಳಿಕೊಟ್ಟಿದ್ರು. ನಾನೂ ಅವಳಿಗೆ ಅದನ್ನೇ ಹೇಳಿದೀನಿ, ಮಲಗಿಸ್ತಾ ಕತೆ ಥರ. ಹೆತ್ತವಳ ಬಾಯಿಂದ ಕೇಳೋ ತನಕ ಅವಳು ಅದನ್ನ ನಂಬಿರಲಿಲ್ಲ ಅನ್ಸತ್ತೆ. ಈಗ ನಂಬಿದಾಳೆ. ನಾನು ಎಂದಿನ ಹಾಗೆ 'ನಿನ್ನ ಕಂಡ್ರೆ ತುಂಬಾ ಪ್ರೀತಿ' ಅಂದ್ರೆ ಕಿವಿ ಮುಚ್ಕೊಂಡು ಕಿರಿಚ್ತಾಳೆ. ಬೆಳಗೆದ್ರೆ ಚೀಲಕ್ಕೆ ಬೂಟು, ಹಲ್ಲುಜ್ಜೋ ಬ್ರಷ್ಷು, ಗೊಂಬೆ ತುಂಬಿಕೊಂಡು ಬಾಗಿಲ ಹತ್ರ ಕೂತಿರ್ತಾಳೆ. ಕೊಡೋ ದಿನ ಗೊಂಬೆ ಮರೆತುಹೋದ್ರೆ ಅಂತ. ಮೊನ್ನೆ ನನ್ನ ಕೆನ್ನೆ ಹಿಡ್ಕೊಂಡು ಏನಂದ್ಲು ಗೊತ್ತಾ? 'ಅಮ್ಮಾ, ತುಂಬಾ ಬೇಡ. ಸ್ವಲ್ಪ ಸಾಕು. ಸ್ವಲ್ಪ ಪ್ರೀತ್ಸು.'"

ಯಂತ್ರ ತಿರುಗುತ್ತಿತ್ತು. ಒಳಗೆ ಯಾರದೋ ಅಂಗಿಯ ಗುಂಡಿ ಗಾಜಿಗೆ ಟಕ್ ಟಕ್ ಬಡಿಯುತ್ತಿತ್ತು.

"ಮಕ್ಕಳ ಮನಸ್ಸಿನ ಡಾಕ್ಟರು ಸದ್ಯಕ್ಕೆ ಭೇಟಿ ನಿಲ್ಲಿಸಿ ಅಂದ್ರು," ಎಂದಳು ಮೆರಿಡಿತ್. "ನಿನ್ನ ಮೇಲೆ ಸಿಟ್ಟಿಲ್ಲ ನನಗೆ."

"ಮಾರ್ಚಿದೊಂದು ಕೊಡಿ." ಲೆಟ್ಟಿ ಎದ್ದು ನಿಂತಿದ್ದಳು. "ಏಪ್ರಿಲ್‌ಗೆ ಆರಾಗತ್ತೆ, ಆಮೇಲೆ ನಾನು ಕೇಳೋ ಹಾಗಿಲ್ಲ. ಆ ಮಾತು ಆಡಿದ್ದು ನಾನು. ತೆಗೀಬೇಕಾದ್ದೂ ನಾನೇ. ನೀವು ಹೇಳಿದ್ರೆ ಅವಳು ನಂಬಲ್ಲ, ನೀವೇ ಅಂದ್ರಲ್ಲ."

"ಏನ್ ಹೇಳ್ತೀಯ ಹಾಗಾದ್ರೆ?"

"ನಿಜ ಹೇಳ್ತೀನಿ."

"ಅದೇನು ನಿಜ?"

ಅದನ್ನು ಲೆಟ್ಟಿ ಇನ್ನೂ ಹೊಂದಿಸಬೇಕಿತ್ತು. ಕೊನೆಗೆ ಮೆರಿಡಿತ್ತೇ ನಿಟ್ಟುಸಿರಿಟ್ಟು, ಡಾಕ್ಟರನ್ನು ಕೇಳುತ್ತೇನೆ ಎಂದಳು. ಮರುದಿನ ಬರೆದು ಕಳಿಸಿದಳು: ಇಪ್ಪತ್ತು ನಿಮಿಷ. ನಾನು ಪಕ್ಕದಲ್ಲೇ ಇರ್ತೀನಿ.

ಆ ಮೂರು ವಾರ ಲೆಟ್ಟಿ ಕೊರಳಪಟ್ಟಿಗಳಿಗೆ ಹೆಸರು ಬರೆಯುತ್ತ ಬರೆಯುತ್ತ ಬಾಯಲ್ಲೇ ಮಾತು ಹೊಂದಿಸಿದಳು. ಪ್ರೀತಿ ಇದ್ದಿದ್ದಕ್ಕೆ ಕೊಟ್ಟೆ ಅಂದರೆ ಮಗುವಿಗೆ ಪ್ರೀತಿಯೇ ಭಯ. ಪ್ರೀತಿ ಇರಲಿಲ್ಲ ಅಂದರೆ ಅದು ಸುಳ್ಳು, ಸುಳ್ಳಿಗಿಂತ ಕ್ರೂರ. ಪ್ರೀತಿ ಇದ್ದರೂ ಕೊಟ್ಟೆ ಅನ್ನಬೇಕು. 'ಇದ್ದಿದ್ದಕ್ಕೆ' ತೆಗೆದು 'ಇದ್ದರೂ' ಹಾಕಬೇಕು. ಒಂದು ಪದದ ವ್ಯತ್ಯಾಸ. ಆದರೆ ಅದನ್ನು ಹಾಕಿದೊಡನೆ ಕುರ್ಚಿಯ ಕೆಳಗಿನ ಇಟ್ಟಿಗೆ ಜಾರಿತು. ಇದ್ದರೂ ಕೊಟ್ಟೆ ಅಂದಮೇಲೆ, ಯಾಕೆ ಎಂಬ ಪ್ರಶ್ನೆ ಹಾಗೇ ಉಳಿಯಿತಲ್ಲ? ಆ ಪ್ರಶ್ನೆಯ ಮುಂದೆ ಅವಳು ಆರು ವರ್ಷದಿಂದ ನಿಂತೇ ಇರಲಿಲ್ಲ.

ಒಂದು ಸಂಜೆ ಅವಳು ಅರ್ಲೀನ್‌ಳ ಅಡುಗೆಮನೆಗೆ ಹೋಗಿ ಕೂತಳು.

"ದೊಡ್ಡಮ್ಮ, ಅವತ್ತು ನೀನು 'ಹಗಲು ನಾನು, ಸಂಜೆ ನೀನು' ಅಂದ್ಯಲ್ಲ. ಆಗಬಹುದಿತ್ತು ಅಲ್ವಾ?"

ಅರ್ಲೀನ್ ಬೆಂಕಿಕಡ್ಡಿ ಆರಿಸಿದಳು. "ಆಗ್ತಿತ್ತು."

"ಅಜ್ಜಿ ಸಲುವಾಗಿ ಅಲ್ಲ. ನನಗೇ ಬೇಡವಾಗಿತ್ತು. ಮಗು ಅಲ್ಲ. ಅಮ್ಮ ಆಗೋದು."

"ಗೊತ್ತಿತ್ತು ಕಣೇ."

"ಗೊತ್ತಿತ್ತಾ?"

"ನಿನ್ನ ತೊಳೆದು ಬೆಳೆಸಿದವರಲ್ಲಿ ನಾನೂ ಒಬ್ಬಳು. ಸುಮ್ನಿದ್ದೆ, ಹೇಳಿ ಏನಾಗಬೇಕಿತ್ತು?" ಅರ್ಲೀನ್ ಎದ್ದು ಹೋಗಿ ಕಾಫಿ ತಂದಿಟ್ಟಳು. "ಮಗೂಗೆ ಇಷ್ಟೆಲ್ಲ ಬೇಡ. ಮಗು ಹೊರೋವಷ್ಟು ಹೇಳು. ಮಿಕ್ಕಿದ್ದು ನೀನೇ ಹೊತ್ಕೋ."

ಮಾರ್ಚಿಯ ಆ ಶನಿವಾರ ದಾರಿಯುದ್ದಕ್ಕೂ ಕೊಯ್ದು ಬಿಟ್ಟ ಜೋಳದ ಹೊಲಗಳಲ್ಲಿ ಕೊಕ್ಕರೆಗಳು. ಬಡಗಣಕ್ಕೆ ಹಾರುವ ಮುಂಚೆ ನದಿಯ ಬಯಲಿನಲ್ಲಿ ಮೂರ್ನಾಲ್ಕು ವಾರ ಇಳಿದು ಉಳಿದ ಕಾಳು ಹೆಕ್ಕುತ್ತವೆ. ಬೂದಿ ಬಣ್ಣದ ಸಾವಿರಾರು ಹಕ್ಕಿ, ಒಂದೇ ಸಮನೆ ಗದ್ದಲ. ಅವನ್ನು ನೋಡಲು ದೂರದಿಂದ ಬಂದವರ ಕಾರುಗಳು ಹೆದ್ದಾರಿಯ ಅಂಚಿನಲ್ಲಿ ನಿಂತಿದ್ದವು. ಲೆಟ್ಟಿ ಗಾಜು ಏರಿಸಿಕೊಂಡು ಕಾರು ಬಿಟ್ಟಳು. ಪಕ್ಕದ ಸೀಟಿನಲ್ಲಿ ಡಬ್ಬಿ. ಈ ಸಲ ಎಲ್ಲವೂ ಏಪ್ರಿಕಾಟಿನವೇ.

ಜೂನಿ ಮೆರಿಡಿತ್‌ಳ ಕೋಟಿನ ಮರೆಯಲ್ಲಿ ಬಂದಳು. ಬೆನ್ನಿಗೆ ಚೀಲ. ಕೂತ ಮೇಲೂ ಚೀಲ ಬಿಚ್ಚಲಿಲ್ಲ, ಅದರಿಂದಾಗಿ ಬೆಂಚಿನ ತುದಿಯಲ್ಲಿ ಕೂರಬೇಕಾಗಿತ್ತು. ಮೆರಿಡಿತ್ ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು. ಅವಳ ಒಂದು ಕೈಯನ್ನು ಮಗು ಎರಡೂ ಕೈಯಿಂದ ಹಿಡಿದುಕೊಂಡಿತ್ತು.

"ಜೂನಿ," ಎಂದಳು ಲೆಟ್ಟಿ, "ನಾನೊಂದು ತಪ್ಪು ಹೇಳಿದ್ದೆ ನಿನಗೆ. ದೊಡ್ಡವರೂ ತಪ್ಪು ಹೇಳ್ತಾರೆ. ಪ್ರೀತಿ ಇದ್ದಿದ್ದಕ್ಕೆ ಕೊಟ್ಟೆ ಅಂದೆ ನೋಡು, ಅದು ತಪ್ಪು."

ಕೆಳತುಟಿ ಒಳಗೆ ಹೋಯಿತು. "ಪ್ರೀತಿ ಇರ್ಲಿಲ್ವಾ?"

"ಇತ್ತು. ಆದ್ರೆ ಕೊಟ್ಟಿದ್ದು ಅದಕ್ಕಲ್ಲ. ಪ್ರೀತಿ ಇದೆ ಅಂತ ಯಾರೂ ಕೊಡಲ್ಲ, ಇಟ್ಕೋತಾರೆ."

"ಮತ್ತೆ?"

"ನನ್ನ ಕೈಲಿ ಆಗಲಿಲ್ಲ."

ಜೂನಿ ಮೇಜಿನ ಮೇಲಿದ್ದ ಅವಳ ಕೈಗಳನ್ನು ನೋಡಿದಳು. ಸೋಪಿನ ನೀರಿಗೆ ಒಡೆದು ಕೆಂಪಾದ ಕೈ, ಬೆರಳಿಗೆ ಮಾರ್ಕರಿನ ಕಪ್ಪು. ಒಂದು ಬೆರಳು ಚಾಚಿ ಅವಳ ಗೆಣ್ಣಿನ ಮೇಲಿದ್ದ ಬಿರುಕನ್ನು ಮುಟ್ಟಿದಳು.

"ಈ ಕೈಲಾ?"

"ಹೂಂ. ಈ ಕೈಲೇ. ಆಗ ನನಗೆ ಅಮ್ಮ ಆಗೋಕೆ ಬರ್ತಿರಲಿಲ್ಲ. ತುಂಬಾ ಹೆದರಿಕೆ ಆಯ್ತು."

"ನಾನು ಜಾಸ್ತಿ ಅತ್ನಾ?"

"ಇಲ್ಲ. ನೀನು ಬರೀ ನಿದ್ದೆ ಮಾಡ್ತಿದ್ದೆ. ನೀನೇನೂ ಮಾಡಿಲ್ಲ. ಬೇರೆ ಯಾವ ಪಾಪು ಆಗಿದ್ರೂ ನನ್ನ ಕೈಲಿ ಆಗ್ತಿರಲಿಲ್ಲ."

ಮಗು ಯೋಚಿಸಿತು. ಆಮೇಲೆ ತಾನು ಹಿಡಿದುಕೊಂಡಿದ್ದ ಕೈಯನ್ನು ಮೇಜಿನ ಮೇಲೆ ಎಳೆದು, ಅಂಗೈ ಮೇಲೆ ಮಾಡಿ, ಲೆಟ್ಟಿಯ ಕೈ ಪಕ್ಕದಲ್ಲಿಟ್ಟು ನೋಡಿತು. ಹಿಟ್ಟು ನಾದಲು ಬಾರದ ಮೃದುವಾದ ಬಿಳಿ ಕೈ.

"ಅಮ್ಮಾ, ನಿನ್ನ ಕೈಲಿ ಆಗತ್ತಾ?"

"ಆಗತ್ತೆ," ಎಂದಳು ಮೆರಿಡಿತ್.

"ಹೆದರಿಕೆ ಆದ್ರೆ?"

"ಹೆದರಿಕೆ ಆದ್ರೂ ಆಗತ್ತೆ."

"ದಿನಾ?"

"ದಿನಾ."

ಜೂನಿ ಚೀಲದ ಒಂದು ಪಟ್ಟಿಯಿಂದ ತೋಳು ಬಿಡಿಸಿಕೊಂಡಳು. ಸ್ವಲ್ಪ ಹೊತ್ತಿಗೆ ಇನ್ನೊಂದನ್ನೂ. ಚೀಲ ಬೆಂಚಿನ ಕೆಳಗೆ ಬಿತ್ತು, ಅವಳು ಬಗ್ಗಿ ನೋಡಲಿಲ್ಲ. ಡಬ್ಬಿಯ ಮುಚ್ಚಳ ತೆಗೆದು ಏಪ್ರಿಕಾಟಿನ ಹೂರಣ ನೆಕ್ಕತೊಡಗಿದಳು. ಒಂದು, ಎರಡು, ಮೂರು. ಮೂತಿಯೆಲ್ಲ ಹಳದಿ. ಲೆಟ್ಟಿ ಕಾಗದದ ಕರವಸ್ತ್ರ ಎತ್ತಿಕೊಂಡಳು. ಅಷ್ಟರಲ್ಲಿ ಮೆರಿಡಿತ್ ಒರೆಸಿಯಾಗಿತ್ತು.

ಇಪ್ಪತ್ತು ನಿಮಿಷ ಎಂದಿದ್ದದ್ದು ಅರ್ಧ ಗಂಟೆಯಾಯಿತು. ಏಳುವಾಗ ಜೂನಿ ಹಗುರವಾಗಿ, ಶಾಲೆಯ ವಿಷಯ ಕೇಳುವವಳಂತೆ ಕೇಳಿದಳು.

"ಅಮ್ಮಾ, ಇನ್ನೂ ಬರ್ಬೇಕಾ ಇಲ್ಲಿಗೆ?"

ಮೆರಿಡಿತ್ ಲೆಟ್ಟಿಯ ಮುಖ ನೋಡಿದಳು. "ಅದು... ನಿನಗೆ ಇಷ್ಟ ಇದ್ರೆ ಬರೋಣ ಚಿನ್ನ. ಅಕ್ಟೋಬರಲ್ಲಿ."

ಜೂನಿ ನಿಜವಾಗಿಯೂ ಯೋಚಿಸಿದಳು. ಲೆಟ್ಟಿ ಅವಳ ಕೆಳತುಟಿಯನ್ನೇ ನೋಡುತ್ತಿದ್ದಳು. ಅದು ಒಳಗೆ ಹೋಗಲಿಲ್ಲ. ಸಿಟ್ಟಿರಲಿಲ್ಲ, ಹೆದರಿಕೆಯೂ ಇರಲಿಲ್ಲ.

"ಬೇಡ," ಎಂದಳು ಜೂನಿ, ಎರಡನೆಯ ಸಲ ಬಡಿಸಲು ಬಂದವರಿಗೆ ಹೇಳುವ ಹಾಗೆ.

ಮೆರಿಡಿತ್ ಕೆಂಪಾದಳು. "ಈಗ ಹಾಗಂತಾಳೆ ಲೆಟ್ಟಿ, ಮಕ್ಕಳು..."

"ಇರಲಿ," ಎಂದಳು ಲೆಟ್ಟಿ. "ಕಾಗದದಲ್ಲಿ ಹಾಗೇ ಇದೆ." ಬಗ್ಗಿ ಬೆಂಚಿನ ಕೆಳಗಿನ ಚೀಲ ಎತ್ತಿ ಧೂಳು ಕೊಡವಿ ಮೆರಿಡಿತ್ ಕೈಗೆ ಕೊಟ್ಟಳು. ಒಳಗೆ ಬೂಟು ಗಟ್ಟಿಯಾಗಿ ಕೈಗೆ ತಗುಲಿತು.

ಬಾಗಿಲ ಹತ್ತಿರ ಜೂನಿ ತಿರುಗಿ ಕೈ ಬೀಸಿದಳು. ಬೇರೆ ಮೇಜಿನಲ್ಲಿ ಕೂತಿದ್ದ ಒಬ್ಬ ಮುದುಕನಿಗೂ ಬೀಸಿದಳು. ಲೆಟ್ಟಿ ಡಬ್ಬಿಯಲ್ಲಿ ಉಳಿದಿದ್ದ, ನಡು ಖಾಲಿಯಾದ ಮೂರು ಬನ್ನುಗಳನ್ನು ಅಲ್ಲೇ ಕೂತು ತಿಂದಳು. ಚೆಲ್ಲಲು ಮನಸ್ಸಾಗಲಿಲ್ಲ.

ಹತ್ತು ದಿನಕ್ಕೆ ಮೆರಿಡಿತ್ ಬರೆದಳು: ಚೀಲ ಬೀರುವಿನಲ್ಲಿದೆ. ನಿನ್ನೆ 'ತುಂಬಾ' ಅಂದೆ, ಕಿರಿಚಲಿಲ್ಲ. ನಿನಗೆ ಹೇಗೆ ಹೇಳಲಿ ಗೊತ್ತಾಗ್ತಿಲ್ಲ ಲೆಟ್ಟಿ. ಏಪ್ರಿಲ್ ಪತ್ರ ತಪ್ಪಿಸಲ್ಲ. ಮೆರಿಡಿತ್ ತಪ್ಪಿಸಲಿಲ್ಲ. ಆರು ಮೇಣದಬತ್ತಿಯ ಮುಂದೆ ಉಬ್ಬಿಸಿದ ಕೆನ್ನೆಯ ಫೋಟೋ ಬಂತು. ಲೆಟ್ಟಿ ಅದರ ಹಿಂದೆ ಕಪ್ಪು ಮಾರ್ಕರಿನಲ್ಲಿ ಹೆಸರು ಬರೆದಳು, ಅಡ್ಡಹೆಸರಿನ ಸಮೇತ, ಹಾಲ್ವರ್ಸನ್.

ಸೆಪ್ಟೆಂಬರ್ ಕೊನೆಗೆ ವೃದ್ಧಾಶ್ರಮದ ಮೇಲ್ವಿಚಾರಕಿ ಗ್ಲೆನಿಸ್ ಮುಂದಿನ ತಿಂಗಳ ಪಾಳಿಯ ಪಟ್ಟಿ ಹಿಡಿದುಕೊಂಡು ನೆಲಮಾಳಿಗೆಗೆ ಇಳಿದುಬಂದಳು.

"ಎರಡನೇ ಶನಿವಾರ ನಿನ್ನ ಬಿಟ್ಟಿದೀನಿ ಕಣಮ್ಮ, ಎಂದಿನ ಹಾಗೆ."

ಲೆಟ್ಟಿಯ ಮುಂದೆ ಹೊಸದಾಗಿ ಬಂದ ಮುದುಕಿಯೊಬ್ಬಳ ಪೆಟ್ಟಿಗೆ ತೆರೆದಿತ್ತು. ಅವಳು ಒಂದು ರಾತ್ರಿಅಂಗಿಯ ಕೊರಳು ಮಗುಚಿ ಹಿಡಿದು, ಬಟ್ಟೆ ಸುಕ್ಕಾಗದ ಹಾಗೆ ಎಡಗೈಯಿಂದ ಬಿಗಿ ಮಾಡಿದಳು.

"ನನ್ನ ಹಾಕಿ ಗ್ಲೆನಿಸ್. ಅವತ್ತು ಬರ್ತೀನಿ."

"ಯಾಕೆ, ಏನಾದ್ರೂ..."

"ಏನಿಲ್ಲ. ಹಾಕಿ," ಎಂದು ಲೆಟ್ಟಿ ಮಾರ್ಕರಿನ ಮುಚ್ಚಳ ಹಲ್ಲಿನಿಂದ ಎಳೆದು ತೆಗೆದು ಮೊದಲ ಅಕ್ಷರ ಬರೆದಳು.